ಭಾವ ಮನೆಯಡಿಗೆ ತುಂಬಿದ ಕಪ್ಪು ಕಲ್ಲು

ರಾಮನಾಥ ನನ್ನ ಅಕ್ಕನ ಗಂಡ. ಎದುರಿಗೆ ಸಿಕ್ಕರೆ 'ಭಾವ, ನೀವು' ಎನ್ನುತ್ತೇನೆ. ಬೆನ್ನ ಹಿಂದೆ 'ಅವನು' ಎನ್ನುತ್ತೇನೆ. ಎದುರಿನ ಮರ್ಯಾದೆ ಅಕ್ಕ ಸುಗಂಧಾಳ ಮುಖ ನೋಡಿ ಕೊಡುವುದು. ಹಿಂದಿನದು ಅವನೇ ಸ್ವಂತ ದುಡಿದು ಗಳಿಸಿಕೊಂಡದ್ದು.

ಅವನು ಹುಟ್ಟಿದ ಹಳ್ಳಿ ಕಾರವಾರದ ದಕ್ಷಿಣಕ್ಕೆ, ಸಮುದ್ರದ ಬದಿಗೇ ಇತ್ತು. ನೌಕಾನೆಲೆಗೆ ಜಾಗ ಹೋದಾಗ ಹಳ್ಳಿಯೂ ಹೋಯಿತು, ಅಲ್ಲಿದ್ದವರಿಗೆ ತೋಡೂರಿನ ಪುನರ್ವಸತಿ ಕಾಲನಿಯಲ್ಲಿ ಒಂದೊಂದು ನಿವೇಶನ ಸಿಕ್ಕಿತು. ಉಳಿದವರು ಒಂದಷ್ಟು ದಿನ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಬಿಣಗಾದ ಕಾರ್ಖಾನೆಗೋ, ದೋಣಿಗೋ, ಗೇಣಿ ಗದ್ದೆಗೋ ಹೋಗಿ ಹೊಟ್ಟೆ ಹೊರೆದರು. ಭಾವ ಅಳಲೂ ಇಲ್ಲ, ಕೆಲಸಕ್ಕೂ ಹೋಗಲಿಲ್ಲ. ಅವನಿಗೆ ಜೀಪು ಓಡಿಸಲು ಬರುತ್ತಿತ್ತು. ಅದು ಅವನ ಲೆಕ್ಕದಲ್ಲಿ ಕೆಲಸವಲ್ಲ, ಪದವಿ. 'ಮೀನಿನ ಟೆಂಪೋಕ್ಕೆ ಡ್ರೈವರ್ ಬೇಕಂತೆ ಭಾವ' ಎಂದು ನಾನೇ ಒಮ್ಮೆ ಹೇಳಿದ್ದಕ್ಕೆ, 'ಅದೆಲ್ಲ ಬೇರೆಯವ್ರು ಓಡ್ಸೂದು ಮಾಬ್ಲು, ನಮ್ಮಂತವ್ರಲ್ಲ' ಎಂದು ಮೂಗು ಹಿಡಿದು ತೋರಿಸಿದ. ನಮ್ಮಂತವರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಅಕ್ಕ ಹೊಲಿಗೆ ಮಿಷನ್ ತುಳಿದು ಮನೆ ನಡೆಸುತ್ತಿದ್ದಳು. ಅವಳ ಅಕ್ಕಿಯನ್ನು ಉಂಡು ಅವನು ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಕೀಳಾಗಿ ನೋಡುತ್ತಿದ್ದ.

ಎರಡು ಸಾವಿರದ ಮೂರರ ಮಳೆಗಾಲ ಮುಗಿದ ಮೇಲೆ ಅಂಕೋಲೆಯಿಂದ ಒಳಗೆ, ಘಟ್ಟದ ಬುಡದ ಒಂದು ಗುಡ್ಡದಲ್ಲಿ ಸರಕಾರದ ಭೂವಿಜ್ಞಾನಿಗಳ ಕ್ಯಾಂಪು ಬಿತ್ತು. ಯುರೇನಿಯಂ ಇದೆಯೋ ಎಂದು ನೋಡುವವರು. ಡೇರೆ ಹಾಕಿ, ಗುಡ್ಡಕ್ಕೆ ಉದ್ದುದ್ದ ಅಗೆದು, ಡ್ರಿಲ್ಲಿಂಗ್ ಮಷಿನ್ ಇಳಿಸಿದರು. ಅವರಿಗೆ ಜೀಪಿಗೊಬ್ಬ ಡ್ರೈವರ್ ಬೇಕಿತ್ತು. ಭಾವ ಹೋದ. ನಮಗೆಲ್ಲ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ? ಅಕ್ಕ ಸತ್ಯನಾರಾಯಣನಿಗೆ ಹರಕೆ ಹೊತ್ತುಕೊಂಡಿದ್ದಳು, ಅದನ್ನೂ ತೀರಿಸಿದಳು.

ಆದರೆ ವಾರಕ್ಕೊಮ್ಮೆ ಮನೆಗೆ ಬರುವಾಗ ಅವನು ಸಂಬಳದ ಜೊತೆ ಒಂದಿಷ್ಟು ಮಾತುಗಳನ್ನೂ ತರತೊಡಗಿದ. ಬ್ಲ್ಯಾಕ್ ಶೇಲ್. ಪೈರೈಟ್. ಕಾರ್ಬನ್. ಕೌಂಟರ್. ಅಂಗಿಯ ಜೇಬಿನಲ್ಲಿ ಒಂದು ಕಪ್ಪು ಚಕ್ಕೆ ಸದಾ ಇರುತ್ತಿತ್ತು. ನೋಡಿದರೆ ಶಾಲೆಯ ಪಾಟಿ ಒಡೆದ ಹಾಗೆ, ತೆಳುವಾಗಿ ಪದರ ಪದರವಾಗಿ ಏಳುವ ಕಲ್ಲು. ಮುಟ್ಟಿದರೆ ಬೆರಳಿಗೆ ಮಸಿ. ಅದರ ಮೈಯಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳು ಹೊಳೆಯುತ್ತಿದ್ದವು.

'ಇದು ಎಂಥದು ಗೊತ್ತುಂಟಾ ನಿಂಗೆ?' ಎಂದು ಅದನ್ನು ನನ್ನ ಮೂಗಿಗೆ ಹಿಡಿದ. 'ಕೈಗಾದಲ್ಲಿ ಕರೆಂಟ್ ಆಗೂದು ಇಂಥದ್ರಿಂದ. ವಿಕಿರಣ ಅಳೆಯೂ ಕೌಂಟರ್ ಹಿಡಿದ್ರೆ ಟಿಕ್ ಟಿಕ್ ಟಿಕ್ ಅಂತದೆ. ನಿನ್ನ ಗದ್ದೆ ಮಣ್ಣಿಗೆ ಹಿಡಿದ್ರೆ? ಸುಮ್ನೆ ಇರ್ತದೆ.'

ಸುಮ್ಮನಿರುವ ಮಣ್ಣಿನಲ್ಲೇ ಭತ್ತ ಬೆಳೆಯುವುದು ಎಂದು ಹೇಳಬಹುದಿತ್ತು. ಅಂಥವನ ಹತ್ತಿರ ಮಾತಿಗೆ ಮಾತು ಬೆಳೆಸುವುದು ನನಗೆ ಹೇಸಿಗೆ.

ಕಾಲನಿಯವರಿಗೆ ಹೇಸಿಗೆ ಇರಲಿಲ್ಲ. ಸಂಜೆ ಜಗಲಿಯಲ್ಲಿ ಜನ ಸೇರತೊಡಗಿದರು. 'ರಾಮನಾಥ ಸಾಹೇಬ್ರೆ, ನಮ್ಮ ಜಿಲ್ಲೆಯ ಕೆಳಗೆಲ್ಲ ಇದೇ ಉಂಟಂತೆ ಹೌದಾ?' ಎಂದು ಕೇಳುವ ದೊಡ್ಡ ದೊಡ್ಡ ಗಂಡಸರು. ಅವನು ಕಣ್ಣು ಮುಚ್ಚಿ, 'ಅದೆಲ್ಲ ಹೇಳೂ ಹಂಗಿಲ್ಲ' ಎನ್ನುತ್ತಿದ್ದ. ಹೇಳಲು ಅವನಿಗೆ ಗೊತ್ತಿದ್ದರೆ ತಾನೆ! ಕಲ್ಲು ತುಂಬಿದ ಪೆಟ್ಟಿಗೆಗಳನ್ನು ಗುಡ್ಡದಿಂದ ರಸ್ತೆಗೆ ಸಾಗಿಸುವುದು, ಎಂಜಿನಿಯರರಿಗೆ ಮೀನೂಟದ ಹೋಟೆಲ್ ತೋರಿಸುವುದು, ಇಷ್ಟು ಅವನ ಕೆಲಸ.

ಕ್ಯಾಂಪಿನಲ್ಲಿ ಅಂಕೋಲೆಯವಳೇ ಒಬ್ಬ ಹುಡುಗಿ ಇದ್ದಳು, ನಾಗಶ್ರೀ ಅಂತ. ಭೂವಿಜ್ಞಾನ ಓದಿ ಆ ಕೆಲಸಕ್ಕೆ ಸೇರಿದವಳು. ಅವಳ ಬಗ್ಗೆ ಭಾವ ಹೇಳುತ್ತಿದ್ದದ್ದು ಒಂದೇ ಮಾತು: 'ಹೆಣ್ಣು ಹುಡುಗಿ, ಎಂಥ ಗೊತ್ತು ಅದಕ್ಕೆ? ಕಲ್ಲು ನೆಕ್ಕಿ ನೋಡ್ತದೆ.'

ಎರಡನೆಯ ಬೇಸಗೆಗೆ ಕ್ಯಾಂಪು ಎತ್ತಿದರು. ಯುರೇನಿಯಂ ಇತ್ತು, ತೆಗೆಯುವಷ್ಟು ಇರಲಿಲ್ಲ. ಈ ಒಂದು ವಾಕ್ಯವನ್ನು ಕ್ಯಾಂಪಿನ ಅಡಿಗೆಯವನೂ ಅಂಕೋಲೆ ಪೇಟೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಭಾವ ಮಾತ್ರ, 'ಸಿಕ್ಕಾಪಟ್ಟೆ ಉಂಟು, ಅದ್ಕೇ ಮುಚ್ಚಿ ಇಟ್ಟಿದ್ದು' ಎಂದು ಸಾರಿದ. ನಂಬಿದವರು ಬಹಳ. ಇಲ್ಲ ಎಂಬುದಕ್ಕಿಂತ ಮುಚ್ಚಿಟ್ಟಿದ್ದಾರೆ ಎಂಬುದು ಯಾವತ್ತೂ ಹೆಚ್ಚು ರುಚಿ.

ಅದೇ ವರ್ಷ ಅವನು ಕಾಲನಿಯಲ್ಲಿ ಹೊಸ ಮನೆಗೆ ಕೈ ಹಾಕಿದ. ನಿವೇಶನ ತಗ್ಗಿನಲ್ಲಿತ್ತು, ಮಳೆಗಾಲಕ್ಕೆ ಮೊಣಕಾಲು ನೀರು. ಅಡಿಪಾಯದೊಳಗೆ ತುಂಬಿಸಿ ನೆಲ ಎತ್ತರಿಸಬೇಕಿತ್ತು. ಎಲ್ಲರೂ ಮಾಡಿದ ಹಾಗೆ ಕೆಂಪು ಮಣ್ಣು, ಚಿರೇಕಲ್ಲಿನ ಚೂರು ತುಂಬಿಸಿ ಎಂದು ನಾನೂ ಹೇಳಿದೆ, ಗಾರೆಯವನೂ ಹೇಳಿದ. ಭಾವ ನಕ್ಕ. ಗುಡ್ಡದಲ್ಲಿ ಅಗೆದು ಹಾಕಿದ ಕಪ್ಪು ಕಲ್ಲಿನ ರಾಶಿ ಹಾಗೇ ಬಿದ್ದಿತ್ತು. ಗುರುತಿನ ಟಿಪ್ಪರಿನವನನ್ನು ಹಿಡಿದು ಅದನ್ನು ಲೋಡುಗಟ್ಟಲೆ ತೋಡೂರಿಗೆ ತರಿಸಿದ. ಮನೆಯಡಿಗೆ ತುಂಬಿಸಿದ, ಅಂಗಳಕ್ಕೆ ಹಾಸಿದ, ಉಳಿದದ್ದನ್ನು ಹಿತ್ತಿಲ ಬೇಲಿಗುಂಟ ಪೇರಿಸಿದ.

'ಕಾರವಾರ ತಾಲೂಕಿನಲ್ಲಿ ಯುರೇನಿಯಂ ಮೇಲೆ ಮಲಗೂವ ನಾನೊಬ್ನೇ' ಎಂದು ಗೃಹಪ್ರವೇಶದ ದಿನ ಊಟದ ಪಂಕ್ತಿಯಲ್ಲಿ ಕೂಗಿ ಹೇಳಿದ. ಜನ ಪಾಯಸ ಸುರಿಯುತ್ತ ತಲೆದೂಗಿದರು.

ಹಿತ್ತಿಲ ಬೇಲಿಯ ಆಚೆ ಹೀರಾಳ ಮನೆ. ಅವಳ ಗಂಡ ರಾಜೀವ ದೋಣಿಗೆ ಹೋಗುತ್ತಾನೆ, ಅವಳು ಬುಟ್ಟಿ ಹೊತ್ತು ಮೀನು ಮಾರುತ್ತಾಳೆ. ಅವರೂ ಸಮುದ್ರದ ದಂಡೆ ಬಿಟ್ಟು ಬಂದವರೇ. ಆದರೆ ಭಾವನ ಪ್ರಕಾರ ಸರಕಾರ ಅವನಿಗೆ ಮಾಡಿದ ಅತಿ ದೊಡ್ಡ ಅನ್ಯಾಯ ಮನೆ ಕಳೆದದ್ದಲ್ಲ, ಮೀನಿನವರ ಪಕ್ಕದಲ್ಲಿ ನಿವೇಶನ ಕೊಟ್ಟದ್ದು. ಅವಳು ಬುಟ್ಟಿ ತೊಳೆಯಲು ಬಾವಿಗೆ ಬಂದರೆ ಇವನು ಕಿಟಕಿ ಬಡಿದು ಹಾಕುತ್ತಿದ್ದ. ರಾತ್ರಿ ಊಟಕ್ಕೆ ಅದೇ ಹೀರಾ ಕೊಟ್ಟ ಬಂಗಡೆಯ ಸಾರು. ಅದು ಅಕ್ಕ ಬೇಲಿಯ ಸಂದಿನಲ್ಲಿ ಕೈಚಾಚಿ ತಂದದ್ದು ಎಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಎರಡು ಸಲ ಬಡಿಸಿಕೊಳ್ಳುತ್ತಿದ್ದ.

ಮೊದಲ ಮಳೆಗಾಲ ಹೇಗೋ ಕಳೆಯಿತು. ಎರಡನೆಯದರಲ್ಲಿ, ಆಷಾಢದ ಹೊತ್ತಿಗೆ, ಬೇಲಿಯ ಬುಡದಿಂದ ಕೆಂಪು-ಹಳದಿ ನೀರು ಒಸರತೊಡಗಿತು. ತುಕ್ಕು ಕರಗಿಸಿ ಸುರಿದ ಹಾಗೆ. ಅದು ಹರಿದಲ್ಲಿ ಹುಲ್ಲು ಸುಟ್ಟುಹೋಯಿತು. ಹೀರಾಳ ಬಾವಿಯ ಗೋಡೆಗೆ ಕೆಂಪು ಲೋಳೆ ಹಿಡಿಯಿತು, ನೀರು ಹುಳಿಯಾಯಿತು. ಅನ್ನ ಮಾಡಿದರೆ ಬೇರೆಯೇ ಬಣ್ಣ, ಒಗೆದ ಬಿಳಿ ಬಟ್ಟೆಗೆ ಕಲೆ. ಅವಳ ಮಗ ಆಶಿಷನಿಗೆ ಆ ನೀರು ಕುಡಿದು ಹೊಟ್ಟೆ ಕೆಟ್ಟಿತು.

ಹೀರಾ ಒಂದು ಚೊಂಬು ನೀರು ಹಿಡಿದು ಭಾವನ ಅಂಗಳಕ್ಕೆ ಬಂದಳು. ಆ ದಿನ ನಾನು ಅಲ್ಲೇ ಇದ್ದೆ.

'ರಾಮನಾಥಣ್ಣ, ಇದನ್ನ ಒಂದು ಗುಟುಕು ಕುಡೀರಿ ನೋಡ್ವ.'

'ನಿಮ್ಮ ಬಾವಿ ನೀರು ನಾನು ಎಂತಕ್ಕೆ ಕುಡೀಬೇಕು?'

'ನಿಮ್ಮ ಕಲ್ಲಿನ ನೀರು, ಅದ್ಕೇ.'

'ಮೀನು ತೊಳ್ದು ತೊಳ್ದು ನೀವೇ ಹಾಳ್ಮಾಡ್ಕೊಂಡದ್ದು. ನನ್ನ ಕಲ್ಲಿನ ಬೆಲೆ ಗೊತ್ತುಂಟಾ ನಿಂಗೆ?'

'ನಾನು ಹುಟ್ಟಿದಾಗಿಂದ ಮೀನು ತೊಳಿತೆ. ಯಾವ ಬಾವಿಯೂ ಕೆಂಪಾಗ್ಲಿಲ್ಲ' ಎಂದು ಹೀರಾ ಚೊಂಬಿನ ನೀರನ್ನು ಅವನ ಮೆಟ್ಟಿಲ ಮೇಲೆ ಚೆಲ್ಲಿದಳು. 'ಬೆಲೆ ಇದ್ದ ಕಲ್ಲನ್ನ ಪೆಟ್ಟಿಗೆಯಲ್ಲಿ ಇಡ್ಬೇಕು. ಊರ ಮೇಲೆ ಕಕ್ಕಿಸ್ಬಾರ್ದು.'

ಅವಳು ಹೋದ ಮೇಲೆ ಭಾವ ಮೆಟ್ಟಿಲು ಒರೆಸಲು ಅಕ್ಕನಿಗೆ ಹೇಳಿದ. ಅಕ್ಕ ಒರೆಸಲಿಲ್ಲ. ಅವರ ಸಂಸಾರದಲ್ಲಿ ಅವಳು ಅವನ ಮಾತು ಕೇಳದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ನೆಲ ಎದ್ದಿತು. ನಡುಮನೆಯ ಟೈಲ್ಸು ಹಪ್ಪಳದ ಹಾಗೆ ಉಬ್ಬಿ, ಒಂದು ಬೆಳಿಗ್ಗೆ ಟಪ್ಪೆಂದು ಒಡೆಯಿತು. ಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕಿಕೊಂಡಿತು. ಬಿರುಕಿನಲ್ಲಿ ಬಿಳಿ ಹರಳು ಕೂದಲಿನ ಹಾಗೆ ಬೆಳೆದಿತ್ತು. ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು, ನಾಚುತ್ತಿದ್ದರು. ನನ್ನ ಭಾವ ಜನರನ್ನು ಕರೆದು ತೋರಿಸಿದ.

'ನೋಡಿ, ಶಕ್ತಿ ಅಂದ್ರೆ ಇದು. ಯುರೇನಿಯಂ ಒಳಗಿಂದ ಎದ್ದು ಬರ್ತಾ ಉಂಟು.'

ತನ್ನ ನಾಲಿಗೆಯಿಂದ ತಾನೇ ಕುಣಿಕೆ ಹೆಣೆದ. ಸಾಹೇಬರೇ ಎನ್ನುತ್ತಿದ್ದ ಅದೇ ಜನ ಆ ಸಂಜೆಯಿಂದ ಆ ಕಡೆ ತಲೆ ಹಾಕಲಿಲ್ಲ. ಹಾಲಿನವನು ಗೇಟಿನ ಹೊರಗೆ ಹಾಲಿಟ್ಟು ಓಡತೊಡಗಿದ. ಅರಿಶಿನ-ಕುಂಕುಮಕ್ಕೆ ಅಕ್ಕನನ್ನು ಕರೆಯುವುದು ನಿಂತಿತು. ಬಟ್ಟೆ ಹೊಲಿಸಲು ಕೊಟ್ಟವರು ಹಾಗೇ ವಾಪಸ್ ಒಯ್ದರು. ಮಗಳು ದೀಕ್ಷಾ ಏಳನೆಯ ಇಯತ್ತೆಯಲ್ಲಿದ್ದಳು. ಬೆಂಚಿನಲ್ಲಿ ಪಕ್ಕದವಳು ಎದ್ದು ಹೋದಳಂತೆ, 'ನಿನ್ನ ಮೈಯಿಂದ ಟಿಕ್ ಟಿಕ್ ಬರ್ತದೆ' ಎಂದು. ಆ ಜನರ ಬಗ್ಗೆಯೂ ನನಗೆ ಗೌರವವಿಲ್ಲ. ಒಡೆದ ಟೈಲ್ಸನ್ನು ಕಂಡು ಕಾರಣ ಕೇಳುವ ಒಂದು ತಲೆ ಆ ಇಡೀ ಕಾಲನಿಯಲ್ಲಿ ಇರಲಿಲ್ಲ. ನಿನ್ನೆ ಭಕ್ತಿ, ಇವತ್ತು ಭೀತಿ, ಎರಡಕ್ಕೂ ಆಧಾರ ಅದೇ ಒಬ್ಬ ಡ್ರೈವರನ ಬಾಯಿ.

ಅಕ್ಕ ದೀಕ್ಷಾಳನ್ನು ಕರೆದುಕೊಂಡು, ಹೊಲಿಗೆ ಮಿಷನ್ ರಿಕ್ಷಾಕ್ಕೆ ಹೇರಿಸಿ, ಅಮದಳ್ಳಿಗೆ ನನ್ನ ಮನೆಗೆ ಬಂದಳು.

'ಆ ಕಲ್ಲು ಹೊರಗೆ ಹೋದ ದಿನ ನಾನು ಒಳಗೆ ಬರ್ತೆ. ಹಂಗಂತ ಹೇಳಿ ಬಂದೆ' ಎಂದಳು. ಅತ್ತಿರಲಿಲ್ಲ. ಬಂದವಳೇ ಮಿಷನ್ನಿಗೆ ಎಣ್ಣೆ ಬಿಟ್ಟಳು.

ಚೌತಿ ಮುಗಿದ ಮೇಲೆ ಭಾವ ನನ್ನ ಅಂಗಳಕ್ಕೆ ಬಂದು ನಿಂತ. ಗಡ್ಡ ಬಂದಿತ್ತು. ಅಕ್ಕನನ್ನು ಕರೆದೊಯ್ಯಲು ಬಂದನೆಂದುಕೊಂಡೆ. ಅಲ್ಲ. 'ಮಾಬ್ಲು, ನಾಗಶ್ರೀ ಮೇಡಂ ಹಬ್ಬಕ್ಕೆ ಅಂಕೋಲೆಗೆ ಬಂದಿದ್ರಂತೆ. ಇನ್ನೂ ಹೋಗ್ಲಿಲ್ಲ. ನೀನೂ ಬಾ. ಕಲ್ಲಲ್ಲಿ ಯುರೇನಿಯಂ ಇಲ್ಲ ಅಂತ ಒಂದು ಚೀಟಿ ಬರೆಸ್ಕೊಂಡು ಬರುವ. ಕಾಲನಿಯಲ್ಲಿ ಅಂಟಿಸಿಬಿಡ್ತೆ.'

ನಾನು ಹೋದದ್ದು ಅಕ್ಕನಿಗಾಗಿ. ಸ್ವಲ್ಪ, ಅವನು ಬೈಸಿಕೊಳ್ಳುವುದನ್ನು ನೋಡಲಿಕ್ಕೂ.

ನಾಗಶ್ರೀ ಬೈಯಲಿಲ್ಲ. ವಿಷಯ ಕೇಳಿ ನಮ್ಮ ಜೊತೆಯೇ ಹೊರಟು ತೋಡೂರಿಗೆ ಬಂದಳು. ಎದ್ದ ನೆಲ, ಬಿಳಿ ಹರಳು, ಬೇಲಿಯ ಕೆಂಪು ಲೋಳೆ, ಎಲ್ಲ ನೋಡಿದಳು. ಹೀರಾಳ ಮನೆಗೆ ಹೋಗಿ ಬಾವಿಯ ನೀರನ್ನು ಬಾಟಲಿಗೆ ತುಂಬಿಸಿಕೊಂಡಳು. 'ಪರೀಕ್ಷೆ ಆಗೂ ತನಕ ಇದನ್ನ ಕುಡಿಯೂದು ಬೇಡ ಹೀರಕ್ಕ' ಎಂದಳು. ಆಮೇಲೆ ಹಿತ್ತಿಲ ರಾಶಿಯಿಂದ ಒಂದು ಕಲ್ಲೆತ್ತಿ ಸುತ್ತಿಗೆಯಿಂದ ಒಡೆದು ಭಾವನ ಮೂಗಿಗೆ ಹಿಡಿದಳು.

'ಎಂಥ ವಾಸನೆ ಬರ್ತದೆ?'

'ಮೊಟ್ಟೆ ಕೊಳೆತದ್ದು.'

'ಯುರೇನಿಯಂ ಇಲ್ಲ ಅಂತ ನಾನು ಬರೆಯೂದಿಲ್ಲ. ಯಾಕಂದ್ರೆ ಉಂಟು. ಆದ್ರೆ ನಿಮ್ಮ ನೆಲ ಎತ್ತಿದ್ದು ಅದಲ್ಲ.'

ಅವಳು ಅಡಿಪಾಯದ ಕಟ್ಟೆಯ ಮೇಲೆ ಕೂತು ಹೇಳಿದ್ದನ್ನು ನಾನು ಮರೆತಿಲ್ಲ, ಯಾಕೆಂದರೆ ಅದು ನನಗೆ ಅರ್ಥವಾಯಿತು. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಪ್ಪು ಕೆಸರನ್ನು ನೆನಪಿಸಿಕೊಳ್ಳಿ ಎಂದಳು. ಕಾಲಿಟ್ಟರೆ ನಾರುವ ಕೆಸರು. ಅಂಥದೇ ಕೆಸರು, ಮನುಷ್ಯನ ಸುಳಿವೂ ಇಲ್ಲದ ಕಾಲದಲ್ಲಿ, ಅಲ್ಲಾಡದ ಸಮುದ್ರದ ತಳದಲ್ಲಿ ಕೂತಿತು. ಅದರಲ್ಲಿ ಹೆಚ್ಚಿನದು ನುಣುಪು ಜೇಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಮರಳು. ಜೊತೆಗೆ ನೀರಿನಲ್ಲಿ ತೇಲುವ ಪಾಚಿಯಂಥ ಸಣ್ಣ ಜೀವಗಳು ಸತ್ತು ಸತ್ತು ಬಿದ್ದವು. ತಳದಲ್ಲಿ ಗಾಳಿ ಇಲ್ಲದ್ದರಿಂದ ಅವು ಪೂರ್ತಿ ಕೊಳೆಯಲಿಲ್ಲ, ಕರಿಯಾಗಿ ಉಳಿದವು. ಕಲ್ಲಿನ ಕಪ್ಪು ಆ ಸತ್ತ ಜೀವಗಳದ್ದು. ಸಮುದ್ರದ ನೀರಿನಲ್ಲಿ ಯುರೇನಿಯಂ ಎಲ್ಲ ಕಾಲಕ್ಕೂ ಸ್ವಲ್ಪ ಕರಗಿರುತ್ತದೆ. ಗಾಳಿಯಿಲ್ಲದ ಆ ಕರಿಯ ಹತ್ತಿರ ಬಂದಾಗ ಅದು ಕರಗುವ ಗುಣ ಕಳೆದುಕೊಂಡು ಅಲ್ಲೇ ಅಂಟುತ್ತದೆ. ಹಾಗೆ ಅಂಟಿದ್ದು ಒಂದು ಲಾರಿ ಕಲ್ಲಿನಲ್ಲಿ ಒಂದೆರಡು ಮುಷ್ಟಿ ಇದ್ದೀತು.

'ಅದೇ ಕೆಸರಿನಲ್ಲಿ ಕಬ್ಬಿಣಕ್ಕೆ ಗಂಧಕ ಸೇರಿ ಈ ಹಳದಿ ಚುಕ್ಕೆ ಆಯ್ತು. ಪೈರೈಟ್. ಕಣ್ಣಿಗೆ ಕಾಣದ್ದು ಇದಕ್ಕಿಂತ ಹೆಚ್ಚು ಉಂಟು. ಗುಡ್ಡದ ಹೊಟ್ಟೆಯಲ್ಲಿ ಇದ್ದಷ್ಟು ದಿನ ಪಾಪದ್ದು, ಯಾರಿಗೂ ಎಂಥದೂ ಮಾಡೂದಿಲ್ಲ. ಒಡೆದು, ಗಾಳಿ-ಮಳೆ ತಾಗಿಸಿದ್ರೆ ಆಸಿಡ್ ಆಗ್ತದೆ. ರಾಮನಾಥ, ನೀವು ಜೀಪಿನ ಬ್ಯಾಟರಿಗೆ ಎಂಥ ಆಸಿಡ್ ಹಾಕ್ತಿದ್ರಿ?'

ಭಾವ ಮೂಗಿನ ಹತ್ತಿರದ ಕಲ್ಲನ್ನು ದೂರ ಸರಿಸಿದ.

'ಅದೇ, ಗಂಧಕದ ಆಸಿಡ್. ಅದು ಸಿಮೆಂಟಿನ ಸುಣ್ಣ ತಿಂದು ಈ ಬಿಳಿ ಹರಳು ಕಟ್ಟತದೆ. ಹರಳಿಗೆ ಜಾಗ ಬೇಕಲ್ಲ, ನೆಲ ಎತ್ತತದೆ. ಉಳಿದ ಆಸಿಡ್ ತುಕ್ಕು ಹೊತ್ಕೊಂಡು ಹೀರಕ್ಕನ ಬಾವಿಗೆ ಇಳೀತದೆ. ಅಂಥ ಹುಳಿ ನೀರಿಗೆ ಯುರೇನಿಯಂ ಕೂಡ ಅಷ್ಟಿಷ್ಟು ಬಿಟ್ಟು ಬರ್ತದೆ, ಅದ್ಕೇ ಪರೀಕ್ಷೆ. ಹೆದರಿ ಊರು ಬಿಡೂವಷ್ಟು ಎಂಥದೂ ಇಲ್ಲ. ಆದ್ರೆ ಇದನ್ನ ಮುಚ್ಚಿದ ಮನೆ ಅಡಿಗೆ ಹಾಕ್ಕೊಂಡು ಮಲಗೂದು ಹುಚ್ಚು, ಅದರ ಕೆಟ್ಟ ಗಾಳಿ ಒಳಗೇ ನಿಲ್ತದೆ. ಕ್ಯಾಂಪಿನಲ್ಲೇ ಹೇಳಿದ್ದೆ ನಿಮ್ಗೆ, ಈ ರಾಶಿ ಮುಟ್ಟಬೇಡಿ ಅಂತ.'

'ನೀವು ಬೆಲೆಬಾಳೂ ಕಲ್ಲು ಅಂತ ಹೇಳಿದ್ದು ಅಂದ್ಕೊಂಡೆ' ಎಂದ ಭಾವ.

ಅವಳು ನನ್ನ ಕಡೆ ತಿರುಗಿ ಉಳಿದ ಮಾತೆಲ್ಲ ನನಗೇ ಹೇಳಿದಳು: ಕಲ್ಲನ್ನೆಲ್ಲ ತೆಗೆದು ಅದೇ ಗುಡ್ಡದ ಹೊಂಡಕ್ಕೆ ಹಾಕಬೇಕು, ಸುಣ್ಣ ಬೆರೆಸಿ ಮೇಲೆ ಜೇಡಿಮಣ್ಣು ಮುಚ್ಚಬೇಕು, ನೀರು ತಾಗಬಾರದು, ಗುಡ್ಡದ ಊರಿನವರಿಗೆ ತಾನೇ ಹೇಳುತ್ತೇನೆ ಎಂದಳು. ಬೇಲಿಗುಂಟ ಚರಂಡಿ ತೆಗೆದು ಚಿಪ್ಪಿ ತುಂಬಿಸಬೇಕು. ಚಿಪ್ಪಿಯೂ ಸುಣ್ಣವೇ, ಆಸಿಡ್ಡನ್ನು ಮುರಿಯುತ್ತದೆ.

ನೆಲ ಅಗೆಯಲು ಆಳು ಸಿಗಲಿಲ್ಲ. ಅಣುಕಲ್ಲು ಮುಟ್ಟುವುದಿಲ್ಲ ಎಂದರು. ಟಿಪ್ಪರಿನವನು ಫೋನ್ ಎತ್ತುವುದನ್ನೇ ಬಿಟ್ಟ. ಕೊನೆಗೆ ಅಗೆದದ್ದು ನಾನು, ಮತ್ತು ಹೀರಾಳ ಗಂಡ ರಾಜೀವ. ರಾಜೀವ ಹಾರೆ ಹಿಡಿದು ತಾನಾಗೇ ಬಂದ. 'ನನ್ನ ಬಾವಿ ಸಲುವಾಗಿ ಬಂದೆ, ಇವ್ರ ಸಲುವಾಗಿ ಅಲ್ಲ' ಎಂದು ಮೊದಲೇ ಹೇಳಿದ. ಭಾವ ಮೊದಲ ದಿನ ನಾಲ್ಕು ಬುಟ್ಟಿ ಹೊತ್ತು ಸೊಂಟ ಹಿಡಿದುಕೊಂಡು ಕೂತ. ಕೂತವನು ಸುಮ್ಮನಿರಬೇಕಲ್ಲ! ಹಾರೆ ಹೇಗೆ ಹಿಡಿಯಬೇಕೆಂದು ರಾಜೀವನಿಗೆ ಹೇಳಿಕೊಟ್ಟ. ಅಗೆದ ಕಲ್ಲನ್ನು ನಾಗಶ್ರೀ ಗೊತ್ತುಮಾಡಿಕೊಟ್ಟ ಒಂದು ಲಾರಿ ಗುಡ್ಡದ ಹೊಂಡಕ್ಕೆ ಒಯ್ದಿತು.

ಆದರೆ ಚಿಪ್ಪಿಯನ್ನು ಅವನೇ ಹೊರಬೇಕಾಯಿತು. ಅದು ಹೀರಾಳ ಷರತ್ತು. ಕಾಳಿ ನದಿಯ ಕಡೆಯಿಂದ ತಂದ ಚಿಪ್ಪಿ ಕಾಲನಿಯ ರಸ್ತೆಯ ತುದಿಯಲ್ಲಿ ಬಿತ್ತು, ಒಳಗಿನ ಮಾಂಸ ಇನ್ನೂ ಅಂಟಿಕೊಂಡು ನಾರುತ್ತಿತ್ತು. ಬುಟ್ಟಿ ತಲೆಯ ಮೇಲಿಟ್ಟು, ಕಪ್ಪಾದ ನೀರು ಕಿವಿಯ ಬದಿಗೆ ಇಳಿಯುತ್ತಿದ್ದ ಹಾಗೆ, ಅವನು ಮನೆ ಮನೆಯ ಜಗಲಿ ದಾಟಿ ನಡೆದ. ಜನ ಹೊರಗೆ ಬಂದು ನೋಡಿದರು. ಯಾರೂ ನಗಲಿಲ್ಲ, ಯಾರೂ ಕೈಹಚ್ಚಲಿಲ್ಲ. ಹೀರಾ ಬೇಲಿಯ ಹತ್ತಿರ ನಿಂತು, 'ಇನ್ನೂ ಬೇಕು' ಎಂದಷ್ಟೇ ಹೇಳುತ್ತಿದ್ದಳು.

ಅವತ್ತು ಸಂಜೆ ಅವನು ಅಗೆದ ನಡುಮನೆಯ ಹೊಂಡದ ಅಂಚಿನಲ್ಲಿ ಒಬ್ಬನೇ ಕೂತಿದ್ದ. ಅಂಗೈಯಲ್ಲಿ ಒಂದು ಚಕ್ಕೆ. 'ಮಾಬ್ಲು, ಹಳ್ಳಿ ಹೋದ ಮೇಲೆ ನನ್ನ ಹತ್ರ ಯಾರೂ ಎಂಥದೂ ಕೇಳೂದಕ್ಕೆ ಬರ್ತಿರ್ಲಿಲ್ಲ. ಈ ಕಲ್ಲು ಬಂದ ಮೇಲೆ ಬಂದ್ರು' ಎಂದ. ಧ್ವನಿ ಸಣ್ಣಗಿತ್ತು. ಅಷ್ಟು ವರ್ಷದಲ್ಲಿ ಅವನು ನನಗೆ ಹೇಳಿದ ಒಂದೇ ನಿಜ ಅದು ಎಂದು ತೋರಿತು. ನಾನು ಅವನ ಪಕ್ಕ ಕೂರಬೇಕೆಂದಿದ್ದೆ. ಅಷ್ಟರಲ್ಲಿ ಅವನೇ ಮುಂದುವರಿಸಿದ: 'ಆ ಹುಡುಗಿಗೆ ಪೂರ್ತಿ ಗೊತ್ತಿಲ್ಲ ಬಿಡು. ಲಾರಿಗೆ ಒಂದೆರಡು ಮುಷ್ಟಿ ಅಂದ್ರೆ ಕಮ್ಮಿನಾ?'

ನಾನು ಕೈ ತೊಳೆಯಲು ಹೋದೆ.

ನೀರಿನ ಪರೀಕ್ಷೆಯ ಫಲವನ್ನು ನಾಗಶ್ರೀ ಫೋನಿನಲ್ಲಿ ಹೇಳಿದಳು. ಆಸಿಡ್ಡು, ಕಬ್ಬಿಣ ವಿಪರೀತ; ಯುರೇನಿಯಂ ಹೆದರುವಷ್ಟಿಲ್ಲ, ಆದರೂ ಬಾವಿಯ ನೀರನ್ನೆಲ್ಲ ಎತ್ತಿ ಖಾಲಿ ಮಾಡಿ, ಇನ್ನೊಂದು ಮಳೆ ಕಳೆದು, ಮತ್ತೆ ನೋಡಿಯೇ ಬಳಸಿ ಎಂದಳು. ಅಲ್ಲಿಯ ತನಕ ಹೀರಾಳ ಮನೆಗೆ ನೀರು ಹೊತ್ತವಳು ನನ್ನ ಅಕ್ಕ. ಅವಳು ದೀಪಾವಳಿಗೆ ಮೊದಲು ಮನೆಗೆ ಮರಳಿದ್ದಳು. ನೆಲಕ್ಕೆ ಕೆಂಪು ಮಣ್ಣು ತುಂಬಿಸಿ, ಗಾರೆಯವನ ಎದುರು ನಿಂತು ಸಿಮೆಂಟು ಹಾಕಿಸಿದವಳು ಅವಳೇ.

ಭಾವ ಈಗ ಕಾರವಾರದಲ್ಲಿ ಒಂದು ಸ್ಕೂಲ್ ವ್ಯಾನು ಓಡಿಸುತ್ತಾನೆ. ಬಾವಿಯ ನೀರು ಮರುವರ್ಷ ತಿಳಿಯಾದಾಗ ಅವನು ಬೇಲಿಯ ಹತ್ತಿರ ಹೋಗಿ, 'ಆಯ್ತಲ್ಲ ಹೀರಾ, ನಿನ್ನ ನೀರು ಸರಿ ಮಾಡ್ಸಿಕೊಟ್ಟೆ' ಎಂದನಂತೆ. ಹೀರಾ ಕೊಡ ಎತ್ತಿಕೊಂಡು ಒಳಗೆ ಹೋದಳು. ಅಕ್ಕನ ಜೊತೆ ಅವಳು ದಿನಾ ಮಾತಾಡುತ್ತಾಳೆ. ಅವನ ಜೊತೆ, ಆ ಚಿಪ್ಪಿ ಹೊತ್ತ ದಿನದ ನಂತರ, ಇವತ್ತಿನವರೆಗೂ ಒಂದು ಶಬ್ದ ಆಡಿಲ್ಲ.